ಖಾತೆ ಯಾರ ಹೆಸರಲ್ಲಿ, ಸಹಿ ಯಾರದು?

ಮಾನ್ಯ ಸಭಿಕರೇ,

ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕುಳಿತ ನನಗೆ, ಖಾತೆ ತೆರೆಯಲು ಬಂದವರು ಕೇಳುತ್ತಿದ್ದ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು: ಬಡ್ಡಿ ಎಷ್ಟು? ಉಳಿತಾಯ ಖಾತೆಯ ಮಟ್ಟಿಗೆ ಈ ಪ್ರಶ್ನೆಗೆ ಅಷ್ಟು ತೂಕವಿಲ್ಲ. ಐವತ್ತು ಸಾವಿರ ರೂಪಾಯಿಯ ಮೇಲೆ ಬಡ್ಡಿ ಶೇ. 0.5 ಹೆಚ್ಚಾದರೆ ವರ್ಷಕ್ಕೆ ಸಿಗುವುದು 250 ರೂಪಾಯಿ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಈ ಖಾತೆಯಿಂದ ಹಣ ತೆಗೆಯುವ ಅಧಿಕಾರ ಇಂದು ಯಾರ ಸಹಿಗಿದೆ, ಆ ಕೈ ಸಹಿ ಮಾಡಲಾಗದ ದಿನ ಅದು ಯಾರಿಗೆ ಸೇರುತ್ತದೆ ಎಂಬುದನ್ನು.

ಮಗುವಿನ ಹೆಸರಿನಲ್ಲಿ ಖಾತೆ ತೆರೆಯಲು ವಯಸ್ಸಿನ ಕೆಳಮಿತಿಯಿಲ್ಲ. ಪೋಷಕರು ಸಹಿ ಮಾಡಿದರಾಯಿತು. ತಾಯಿಯೂ ಪೋಷಕಿಯಾಗಿ ಸಹಿ ಮಾಡಬಹುದು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ‘ಯಜಮಾನರನ್ನು ಕರೆದುಕೊಂಡು ಬನ್ನಿ’ ಎಂದು ಹೆಂಗಸರನ್ನು ವಾಪಸು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಹತ್ತು ವರ್ಷ ತುಂಬಿದ ಮಕ್ಕಳು ಬ್ಯಾಂಕು ನಿಗದಿಪಡಿಸುವ ಮಿತಿಯೊಳಗೆ ಸ್ವತಃ ಖಾತೆ ತೆರೆದು ನಡೆಸಬಹುದೆಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಹೆಣ್ಣುಮಗುವಿರುವ ಮನೆಯಲ್ಲಿ ಈ ಹತ್ತು ಎಂಬ ಅಂಕಿಗೆ ಇನ್ನೊಂದು ಅರ್ಥವೂ ಇದೆ: ಸುಕನ್ಯಾ ಸಮೃದ್ಧಿ ಖಾತೆಯನ್ನು ತೆರೆಯುವುದಾದರೆ ಹತ್ತು ತುಂಬುವುದರೊಳಗೆ ತೆರೆಯಬೇಕು. ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ, ಹದಿನೈದು ವರ್ಷ ಕಟ್ಟುವ ಆ ಹಣ ಓದಿಗೆ, ಮದುವೆಗೆ ಎತ್ತಿಟ್ಟದ್ದು. ಪಾಕೆಟ್ ಮನಿಯ ಲೆಕ್ಕ ಕಲಿಸುವುದಕ್ಕೆ ಬೇರೆ ಖಾತೆಯೇ ಬೇಕು.

ಹದಿನೆಂಟು ತುಂಬಿದ ದಿನ ಪೋಷಕರ ಸಹಿಗೆ ಬೆಲೆ ಹೋಗುತ್ತದೆ. ಮಗ ಅಥವಾ ಮಗಳು ಹೊಸ ಮಾದರಿ ಸಹಿ ಮತ್ತು ಕೆವೈಸಿ ದಾಖಲೆ ಕೊಡಬೇಕು. ಬಹುಪಾಲು ಮನೆಗಳಲ್ಲಿ ಇದು ನೆನಪಾಗುವುದು ಕಾಲೇಜಿನ ಶುಲ್ಕ ಕಟ್ಟುವ ಕೊನೆಯ ದಿನ.

ಕೆಲಸಕ್ಕೆ ಸೇರಿದವರಿಗೆ ಕಂಪನಿಯೇ ಸಂಬಳದ ಖಾತೆ ಮಾಡಿಸಿಕೊಡುವುದರಿಂದ ಆಯ್ಕೆಯ ಪ್ರಶ್ನೆ ಬರುವುದಿಲ್ಲ. ಪ್ರಶ್ನೆ ಹುಟ್ಟುವುದು ಕೆಲಸ ಬಿಟ್ಟಾಗ. ಸಂಬಳ ಬರುವುದು ನಿಂತ ಮೇಲೆ ಅದು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಾಗಿ, ಕೆಲವು ಬ್ಯಾಂಕುಗಳಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ದಂಡ ಬೀಳುತ್ತದೆ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆಮೇಲೂ ಕೇಳಿ ಪಡೆಯಬಹುದು, ಆದರೆ ಓಡಾಟ ತಪ್ಪದು. ಹಳೆಯ ಖಾತೆಗಳನ್ನು ಮುಚ್ಚಿ ಎರಡನ್ನು ಇಟ್ಟುಕೊಂಡರೆ ಸಾಕು. ದಿನಗೂಲಿಯವರಿಗೆ ಕನಿಷ್ಠ ಶಿಲ್ಕಿನ ಗೊಡವೆಯಿಲ್ಲದ ಮೂಲ ಉಳಿತಾಯ ಖಾತೆಯೇ ಸರಿ. ಅದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು.

ಅಂಗಡಿ ಇಟ್ಟವರು ಪಿಗ್ಮಿಯನ್ನು ನೆನಪಿಸುತ್ತಾರೆ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಕರಾವಳಿಯ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಲು ಆರಂಭಿಸಿದ ಪದ್ಧತಿ ಅದು, ನಮ್ಮ ನೆಲದ ಹೆಮ್ಮೆ. ಇಂದು ಪಿಗ್ಮಿ ಕಟ್ಟಿಸಿಕೊಳ್ಳುವವರಲ್ಲಿ ಪತ್ತಿನ ಸಹಕಾರಿ ಸಂಘಗಳೂ ಇವೆ. ಬ್ಯಾಂಕುಗಳಲ್ಲಿರುವ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿದಂತೆ, 2020ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆಯಿದೆ. ಪತ್ತಿನ ಸಂಘಗಳಿಗೆ ಆ ವಿಮೆ ಅನ್ವಯಿಸುವುದಿಲ್ಲ.

ಇನ್ನು ಅರವತ್ತು ದಾಟಿದವರ ವಿಷಯ; ಅದಕ್ಕಾಗಿಯೇ ನಾನು ಇಲ್ಲಿಗೆ ಬಂದದ್ದು. ನಮ್ಮ ಶಾಖೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಪಿಂಚಣಿ ಖಾತೆಯಿತ್ತು. ಅವರೊಬ್ಬರದೇ ಹೆಸರು, ಹೆಂಡತಿ ನಾಮಿನಿ. ಪಾರ್ಶ್ವವಾಯು ಬಡಿದು ಅವರು ಆಸ್ಪತ್ರೆ ಸೇರಿದಾಗ ಆ ತಾಯಿ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ನಾಮಿನಿಯ ಅಧಿಕಾರ ಆರಂಭವಾಗುವುದು ಖಾತೆದಾರರು ತೀರಿಕೊಂಡ ಮೇಲೆ, ಅವರು ಬದುಕಿರುವಷ್ಟು ದಿನ ಒಂದು ರೂಪಾಯಿಯನ್ನೂ ಕೊಡಲಾಗದು ಎಂದು ಹೇಳಬೇಕಾಗಿ ಬಂದಾಗ ನನ್ನ ನಾಲಿಗೆ ತಡವರಿಸಿತು. ಸಹಿ ಮಾಡಲಾಗದವರ ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳ ಎದುರು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯಾಗಿರುವಂತೆ, ಪಡೆಯಬಹುದೆಂಬ ನಿಯಮವಿದೆ. ನಾನೇ ಸಂಜೆ ಆಸ್ಪತ್ರೆಗೆ ಇಂಕ್ ಪ್ಯಾಡ್ ಹಿಡಿದು ಹೋದೆ.

ದಂಪತಿಗಳ ಉಳಿತಾಯ ಅಥವಾ ಪಿಂಚಣಿ ಖಾತೆ ‘ಐದರ್ ಆರ್ ಸರ್ವೈವರ್’ ಎಂಬ ಜಂಟಿ ಖಾತೆಯಾಗಿದ್ದರೆ ಈ ಪಾಡು ಬರುವುದಿಲ್ಲ: ಇಬ್ಬರಲ್ಲಿ ಯಾರ ಸಹಿಯಾದರೂ ನಡೆಯುತ್ತದೆ, ಒಬ್ಬರು ಹೋದ ಮೇಲೂ ನಡೆಯುತ್ತದೆ. ಆದರೆ ಮಕ್ಕಳನ್ನು ಹೀಗೆ ಸೇರಿಸುವ ಮುನ್ನ ಎರಡು ಸಲ ಯೋಚಿಸಿ. ಹಣ ತೆಗೆಯುವ ಅಧಿಕಾರ ಅವರಿಗೆ ಇಂದಿನಿಂದಲೇ ಸಿಗುತ್ತದೆ. ಅವಧಿ ಠೇವಣಿಗೆ, ಮೊದಲ ಹೆಸರು ನಿಮ್ಮದಾಗಿರುವಂತೆ, ‘ಫಾರ್ಮರ್ ಆರ್ ಸರ್ವೈವರ್’ (ಮೊದಲ ಹೆಸರಿನವರು, ಅವರ ನಂತರ ಉಳಿದವರು) ಎಂದು ಬರೆಸಿದರೆ ನೀವಿರುವವರೆಗೆ ಹಿಡಿತ ನಿಮ್ಮ ಕೈಯಲ್ಲೇ ಇರುತ್ತದೆ. ನಾಮಿನಿಗಳನ್ನು ನಾಲ್ವರವರೆಗೆ ಸೂಚಿಸಲು 2025ರ ನವೆಂಬರ್‌ನಿಂದ ಅವಕಾಶವಿದೆ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೆ ಸೇವೆ ಒದಗಿಸುವಂತೆ ರಿಸರ್ವ್ ಬ್ಯಾಂಕು ಹೇಳಿದೆ, ಶಾಖೆಯಲ್ಲಿ ಕೇಳಿ.

ಮೇಷ್ಟ್ರು ಚೇತರಿಸಿಕೊಂಡ ಮೇಲೆ ಗಂಡಹೆಂಡಿರು ಒಟ್ಟಿಗೆ ಬಂದು ಖಾತೆಯನ್ನು ಜಂಟಿಯಾಗಿಸಿದರು. ಮಾದರಿ ಸಹಿಯ ಕಾರ್ಡನ್ನು ಮುಂದಿಟ್ಟಾಗ ಆ ತಾಯಿ, ಮೊದಲು ಬೇರೆ ಕಾಗದದ ಮೇಲೆ ಬರೆದು ನೋಡುತ್ತೇನೆ ಎಂದು ಒಂದು ಚಲನ್ ಕೇಳಿ ತೆಗೆದುಕೊಂಡು, ಅದರ ಹಿಂದೆ ತಮ್ಮ ಹೆಸರನ್ನು ನಾಲ್ಕು ಸಲ ಬರೆದರು.