ವೋಲ್ಟ್, ಆಂಪಿಯರ್ ಮತ್ತು ಬಲ್ಬಿನ ಎರಡು ರೋಧಗಳು

ಕೇಳುಗರಿಗೆ ನಮಸ್ಕಾರ.

ತಂತು ಇರುವ ಹಳೆಯ ಬಗೆಯ ಬಲ್ಬಿನ ಮೇಲೆ 230 ವೋಲ್ಟ್, 60 ವಾಟ್ ಎಂದು ಅಚ್ಚಾಗಿರುತ್ತದೆ. ಅದರ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆ, ಎಷ್ಟೆಂದು ಬರೆದಿರುವುದಿಲ್ಲ. ನಾವೇ ಲೆಕ್ಕ ಹಾಕಬೇಕು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್, ಭಾಗಿಸಿದರೆ ರೋಧದ ಅಳತೆಯಾದ ಓಮ್. 60ನ್ನು 230ರಿಂದ ಭಾಗಿಸಿದಾಗ ಪ್ರವಾಹ ಸುಮಾರು 0.26 ಆಂಪಿಯರ್ ಬರುತ್ತದೆ. 230ನ್ನು ಅದರಿಂದ ಭಾಗಿಸಿದರೆ ರೋಧ ಹೆಚ್ಚುಕಡಿಮೆ 880 ಓಮ್.

ಈಗ ಆ ಬಲ್ಬನ್ನು ಹೋಲ್ಡರಿನಿಂದ ತೆಗೆದು, ಪೂರ್ತಿ ತಣ್ಣಗಾದ ಮೇಲೆ ಮಲ್ಟಿಮೀಟರಿನಿಂದ ಅಳೆಯಿರಿ. ಮೀಟರು 60-70 ಓಮ್‌ನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಮೀಟರೂ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಉರಿಯುವಾಗ ಟಂಗ್‌ಸ್ಟನ್ ತಂತುವಿನ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಬಿಸಿಯೇರಿದಂತೆ ಲೋಹದ ರೋಧವೂ ಏರುತ್ತದೆ. ಸ್ವಿಚ್ ಹಾಕಿದ ಕ್ಷಣದಲ್ಲಿ ತಂತು ಇನ್ನೂ ತಣ್ಣಗಿರುವುದರಿಂದ 3 ಆಂಪಿಯರಿಗಿಂತ ಹೆಚ್ಚು ಪ್ರವಾಹ ನುಗ್ಗುತ್ತದೆ. ಬಲ್ಬು ಸಾಮಾನ್ಯವಾಗಿ ಹಾಕಿದ ಕೂಡಲೇ ಸುಟ್ಟುಹೋಗುವುದು ಏಕೆಂದು ಈಗ ಹೇಳಬೇಕಾಗಿಲ್ಲ.

ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮೇಷ್ಟರಾಗಿದ್ದ ಗೇಯಾರ್ಗ್ ಸೈಮನ್ ಓಮ್ ವೋಲ್ಟೇಜು, ಪ್ರವಾಹ, ರೋಧಗಳ ಸಂಬಂಧವನ್ನು 1827ರ ಪುಸ್ತಕದಲ್ಲಿ ವಿವರಿಸಿದರು. ಆ ಕಾಲದ ಬ್ಯಾಟರಿಗಳ ವೋಲ್ಟೇಜು ಒಂದೇ ಸಮ ನಿಲ್ಲುತ್ತಿರಲಿಲ್ಲ. ಅದಕ್ಕೇ ಅವರು ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನ ಬಿಸಿಯಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ವಿದ್ಯುತ್ತು ಪಡೆದರು. ಸೂತ್ರಕ್ಕಿಂತ ನನಗೆ ಈ ಜಾಣತನವೇ ಹೆಚ್ಚು ಇಷ್ಟ.

ರೋಧ ಹೆಚ್ಚಾದರೆ ಶಾಖ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ವಿದ್ಯಾರ್ಥಿಗಳನ್ನು ಗೊಂದಲಕ್ಕೆ ಕೆಡವುವ ಪ್ರಶ್ನೆ ಇದು. ವೋಲ್ಟೇಜು, ಪ್ರವಾಹ ಎರಡರಲ್ಲಿ ಯಾವುದು ಸ್ಥಿರ ಎಂದು ಮೊದಲು ಕೇಳಿಕೊಳ್ಳಬೇಕು. 230 ವೋಲ್ಟಿನ, 2000 ವಾಟಿನ ಹೀಟರ್ ತೆಗೆದುಕೊಳ್ಳಿ. ಪ್ರವಾಹ 8.7 ಆಂಪಿಯರ್, ರೋಧ ಸುಮಾರು 26 ಓಮ್. ಇಲ್ಲಿ ವೋಲ್ಟೇಜು ಹೊರಗಿನಿಂದ ಬಂದದ್ದು. ರೋಧ ಇನ್ನೂ ಹೆಚ್ಚಿದ್ದರೆ ಶಾಖ ಕಡಿಮೆಯಾಗುತ್ತಿತ್ತು. ವೋಲ್ಟೇಜು 200ಕ್ಕೆ ಇಳಿದರೆ ಅದರ ವರ್ಗವನ್ನು ರೋಧದಿಂದ ಭಾಗಿಸಿ: ಸುಮಾರು 1500 ವಾಟ್. ವೋಲ್ಟೇಜು ಇಳಿದದ್ದು ನೂರಕ್ಕೆ 13ರಷ್ಟು, ಶಾಖ ಇಳಿದದ್ದು ನೂರಕ್ಕೆ 24ರಷ್ಟು.

ಅದೇ ಹೀಟರಿನ ಪ್ಲಗ್ಗು ಸಾಕೆಟ್ಟಿನಲ್ಲಿ ಸಡಿಲವಾಗಿದೆ, ಆ ಜಾಗದ ರೋಧ 0.3 ಓಮ್ ಎನ್ನಿ. ಇಷ್ಟರಿಂದ ಪ್ರವಾಹ ಹೆಚ್ಚೇನೂ ಕುಗ್ಗುವುದಿಲ್ಲ, 8.6 ಆಂಪಿಯರ್ ಹರಿಯುತ್ತಲೇ ಇರುತ್ತದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ 22 ವಾಟ್. ಇಲ್ಲಿ ರೋಧ ಏರಿದಷ್ಟೂ ಶಾಖ ಏರುತ್ತದೆ. ಸೀಸ ಕರಗಿಸಿ ಬೆಸುಗೆ ಹಾಕುವ ಸಣ್ಣ ಸಾಲ್ಡರಿಂಗ್ ಉಪಕರಣಕ್ಕೆ 25 ವಾಟ್ ಸಾಕು. ಹೆಚ್ಚುಕಡಿಮೆ ಅಷ್ಟೇ ಶಾಖ ಪ್ಲಗ್ಗಿನ ಪಿನ್ನಿನ ಬಳಿ ಗಂಟೆಗಟ್ಟಲೆ ಕೂತರೆ ಪ್ಲಾಸ್ಟಿಕ್ಕು ಕಪ್ಪಾಗಿ ಮೆತ್ತಗಾಗುತ್ತದೆ.

ಮೋಟಾರುಗಳಿಗೆ ಮಾತ್ರ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಬೇಡಿ. 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ ಮೋಟಾರು 1150 ವಾಟ್ ಬಳಸುತ್ತಿದೆ ಎಂದಲ್ಲ. ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು, ಅಂದರೆ ಪವರ್ ಫ್ಯಾಕ್ಟರ್, 0.8 ಇದ್ದರೆ ಬಳಕೆ 920 ವಾಟ್. ಭಾಗಾಕಾರದಿಂದ ಬಂದ 46 ಓಮ್ ಕೂಡ ಮೋಟಾರಿನೊಳಗಿನ ತಂತಿ ಸುರುಳಿಯ ರೋಧವಲ್ಲ. ಸುರುಳಿಯನ್ನೇ ಮೀಟರಿನಿಂದ ಅಳೆದರೆ ಅದು ಬಹಳ ಕಡಿಮೆ ಇರುತ್ತದೆ.