ಚಕ್ರ ಬಿಡಿ, ತಲೆ ಇಳಿಸಿ

ನಮಸ್ಕಾರ ಕೇಳುಗರೇ. ಟ್ರಯಥ್ಲಾನ್‌ಗೆ, ಅಂದರೆ ಈಜು, ಸೈಕಲ್, ಓಟ ಮೂರೂ ಇರುವ ಸ್ಪರ್ಧೆಗೆ, ತಯಾರಾಗುತ್ತಿರುವವರು ನನ್ನ ಹತ್ತಿರ ಬಂದು ಮೊದಲು ಕೇಳುವುದು ಒಂದೇ: 'ಸರ್, ಯಾವ ಚಕ್ರ ಹಾಕಿಸಲಿ?' ಅಯ್ಯೋ, ಚಕ್ರ ಬಿಡಿ! ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ನಿಮ್ಮ ಶಕ್ತಿಯಲ್ಲಿ ಶೇಕಡ 80ರಷ್ಟು ಗಾಳಿ ಸೀಳುವುದಕ್ಕೇ ಖರ್ಚು. ಆ ಗಾಳಿಗೆ ಅಡ್ಡ ಇರುವುದು ಸೈಕಲ್ಲಿಗಿಂತ ಜಾಸ್ತಿ ನಿಮ್ಮ ಮೈ. ಅದಕ್ಕೇ ಹೇಳುವುದು, ತಲೆ ಇಳಿಸಿ.

ಒಂದು ಕಥೆ ಹೇಳುತ್ತೇನೆ. 1989ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್. ಕೊನೆಯ ದಿನ, ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್, ಒಬ್ಬೊಬ್ಬರೇ ತುಳಿಯಬೇಕು. ಫ್ರಾನ್ಸಿನ ಲೋರಾಂ ಫಿನ್ಯೋಂ ಅಲ್ಲಿಯವರೆಗಿನ ಒಟ್ಟು ಸಮಯದಲ್ಲಿ 50 ಸೆಕೆಂಡ್ ಮುಂದಿದ್ದ. ಗೆದ್ದ ಹಾಗೇ ಅಂತ ಎಲ್ಲರೂ ಅಂದುಕೊಂಡಿದ್ದರು. ಅವನ ಸೈಕಲ್ಲಿಗೆ ಹಿಂದೆ ಮುಂದೆ ಎರಡೂ ಡಿಸ್ಕ್ ಚಕ್ರ, ಅಂದರೆ ಕಡ್ಡಿ ಕಾಣದ ಹಾಗೆ ತಟ್ಟೆಯಂತೆ ಮುಚ್ಚಿದ ಚಕ್ರ. ಆದರೆ ತಲೆಗೆ ಹೆಲ್ಮೆಟ್ ಇಲ್ಲ, ಹಿಂದೆ ಪಟಪಟ ಹಾರುವ ಜುಟ್ಟು! ಅಮೆರಿಕದ ಗ್ರೆಗ್ ಲೆಮಾಂಡ್ ಹ್ಯಾಂಡಲ್‌ಗೆ ಉದ್ದನೆಯ ಏರೋ ಬಾರ್ ಕಟ್ಟಿಸಿಕೊಂಡು ಬಂದ. ಅದು ಟ್ರಯಥ್ಲಾನ್‌ನವರು ಆಗಲೇ ಬಳಸುತ್ತಿದ್ದ ಸಾಮಾನು, ನಮ್ಮದೇ! ಮೊಣಕೈ ಊರಿ, ಕೈ ಮುಂದಕ್ಕೆ ಚಾಚಿ, ಬೆನ್ನು ಬಗ್ಗಿಸಿ ಹೊರಟ. ಆ ಒಂದೇ ಓಟದಲ್ಲಿ 58 ಸೆಕೆಂಡ್ ಗಳಿಸಿದ. ಮೂರು ವಾರದ ಟೂರ್ ಗೆದ್ದಿದ್ದು ಬರೀ 8 ಸೆಕೆಂಡಿನಿಂದ. ಫಿನ್ಯೋಂಗೆ ಕೂರುವ ಜಾಗದಲ್ಲಿ ಹುಣ್ಣಾಗಿತ್ತು ಅಂತ ಕೆಲವರು ವಾದ ಮಾಡುತ್ತಾರೆ. ಆಗಿತ್ತು, ಇರಲಿ. ಎರಡು ಡಿಸ್ಕ್ ಇದ್ದವನು ಸೋತ, ಮೈ ಮುದುಡಿದವನು ಗೆದ್ದ, ಅಲ್ವಾ?

ಕಥೆ ಉದ್ದವಾಯಿತು, ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಬೇಗ ಹೇಳಿಬಿಡುತ್ತೇನೆ. ಸೈಕಲನ್ನು ಟ್ರೈನರ್ ಮೇಲೆ, ಅಂದರೆ ನಿಂತಲ್ಲೇ ತುಳಿಯುವ ಸ್ಟ್ಯಾಂಡ್ ಮೇಲೆ, ನಿಲ್ಲಿಸಿ, ಎದುರಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ಕತ್ತು ಪೂರ್ತಿ ಕಾಣಿಸುತ್ತಿದ್ದರೆ ತಲೆ ಮೇಲಿದೆ ಅಂತಲೇ ಅರ್ಥ. ಆಮೆ ಎಳೆದುಕೊಂಡ ಹಾಗೆ ತಲೆಯನ್ನು ಭುಜಗಳ ನಡುವೆ ಇಳಿಸಿ. ಕಣ್ಣು ಮಾತ್ರ ರಸ್ತೆ ಮೇಲೇ ಇರಲಿ, ಗುದ್ದಿಕೊಂಡೀರಿ! ಸೀಟನ್ನು ಸ್ವಲ್ಪ ಮುಂದಕ್ಕೆ ತಂದರೆ ತೊಡೆ ಹೊಟ್ಟೆಗೆ ಒತ್ತುವುದಿಲ್ಲ, ತುಳಿಯುವುದು ಸಲೀಸು. ಏರೋ ಬಾರ್ ಅನ್ನು ಒಂದೇ ಸಲ ತೀರಾ ಕೆಳಗೆ ಇಳಿಸಬೇಡಿ. ಐರನ್‌ಮ್ಯಾನ್ ಅನ್ನುವ ಉದ್ದದ ಟ್ರಯಥ್ಲಾನ್‌ನಲ್ಲಿ 180 ಕಿಲೋಮೀಟರ್ ತುಳಿದು ಆಮೇಲೆ 42 ಕಿಲೋಮೀಟರ್ ಓಡಬೇಕು. ಹತ್ತು ನಿಮಿಷಕ್ಕೊಮ್ಮೆ ಬೆನ್ನು ನೋವು ಅಂತ ಎದ್ದು ಕೂತರೆ ಬಗ್ಗಿದ್ದು ದಂಡ. ಹೆಲ್ಮೆಟ್ ಬಗ್ಗೆ ಹೇಳಲು ಹೊತ್ತಿಲ್ಲ. ಚಕ್ರದ ಬಗ್ಗೆ ಅಂತೂ ಕೇಳಲೇಬೇಡಿ. ನಮಸ್ಕಾರ.