ಆದರಣೆ ಬರುವ ದಾರಿ

ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಜರ್ಮನಿಯ ಹೈಡೆಲ್‌ಬರ್ಗ್ ಎಂಬ ಊರಿನಲ್ಲಿ 1563ರಲ್ಲಿ ಒಂದು ಪುಟ್ಟ ಪ್ರಶ್ನೋತ್ತರ ಪುಸ್ತಕ ಅಚ್ಚಾಯಿತು. ಮಕ್ಕಳಿಗೂ ಚರ್ಚಿನ ಸಭೆಯವರಿಗೂ ಕ್ರೈಸ್ತ ನಂಬಿಕೆಯನ್ನು ಕಲಿಸಬೇಕೆಂದು ಆ ಸೀಮೆಯ ಅರಸನಾದ ಮೂರನೆಯ ಫ್ರೆಡರಿಕ್ ಬರೆಯಿಸಿದ ಪುಸ್ತಕ ಅದು. ಬರೆದವರಲ್ಲಿ ಮುಖ್ಯನಾದ ಉರ್ಸಿನಸ್‌ನಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಒಟ್ಟು 129 ಪ್ರಶ್ನೆಗಳು. ವರ್ಷದ 52 ಭಾನುವಾರಗಳಿಗೆ ಅವನ್ನು ಹಂಚಿದ್ದಾರೆ. ಧರ್ಮ ಕಲಿಸುವ ಪುಸ್ತಕ ಎಂದರೆ ದೇವರು ಯಾರು, ಲೋಕವನ್ನು ಸೃಷ್ಟಿಸಿದ್ದು ಹೇಗೆ ಎಂದು ಆರಂಭವಾದೀತು ಎಂದುಕೊಳ್ಳುತ್ತೇವೆ. ಇದು ಹಾಗೆ ಆರಂಭವಾಗುವುದಿಲ್ಲ. ಮೊದಲ ಪ್ರಶ್ನೆ ನೇರವಾಗಿ ಎದೆಗೆ ಬರುತ್ತದೆ: ಬದುಕಿನಲ್ಲಿಯೂ ಸಾವಿನಲ್ಲಿಯೂ ನಿನಗಿರುವ ಒಂದೇ ಒಂದು ಆದರಣೆ, ಎಂದರೆ ಸಾಂತ್ವನ, ಯಾವುದು? ಉತ್ತರದ ಮೊದಲ ಮಾತು ಇದು: ನಾನು ನನ್ನವನಲ್ಲ, ದೇಹ, ಆತ್ಮಗಳೆರಡರಲ್ಲಿಯೂ ನನ್ನ ರಕ್ಷಕನಾದ ಯೇಸು ಕ್ರಿಸ್ತನಿಗೆ ಸೇರಿದವನು.

ನಾನು ನನ್ನವನಲ್ಲ ಎನ್ನುವುದರಲ್ಲಿ ಸಮಾಧಾನವೇನು ಬಂತು? ಮಲೆನಾಡಿನವರಾದ ನಮಗೆ ಇದು ಒಂದೇ ಸಲಕ್ಕೆ ಒಳಗಿಳಿಯುವ ಮಾತಲ್ಲ. ಕಾಲು ಎಕರೆ ಅಡಿಕೆ ತೋಟಕ್ಕೂ ಅಗಳ ತೋಡಿಸಿ ಗಡಿ ಮಾಡಿಕೊಳ್ಳುವವರು ನಾವು. ನನ್ನದು ಎಂಬುದು ಇರುವುದರಿಂದಲೇ ಧೈರ್ಯ ಎಂದು ಬೆಳೆದವರು. ಆದರೆ ನಡುರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಕಾಡುವುದು ಬಹುಪಾಲು ಈ ನನ್ನದೇ. ನನ್ನ ತಪ್ಪು, ನನ್ನ ಸಾಲ, ನಾನು ಆಡಬಾರದಾಗಿದ್ದ ಮಾತು, ನಾನು ಹೋಗಿ ನೋಡದೆ ಇದ್ದ ತಾಯಿ.

ಸೊಸೈಟಿಯಲ್ಲಿ ಬೆಳೆಸಾಲ ತೆಗೆದವರಿಗೆ ಮಾರ್ಚ್ ತಿಂಗಳು ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿಂದಲೋ ಕೈಗಡ ತಂದು ಹಳೆಯ ಸಾಲ ಕಟ್ಟುವುದು, ಅದೇ ವಾರ ಹೊಸ ಸಾಲ ಬರೆಸಿಕೊಂಡು ಕೈಗಡ ತೀರಿಸುವುದು. ಕಾಗದದ ಮೇಲೆ ಎಲ್ಲವೂ ಚೊಕ್ಕ. ಸಾಲ ಇದ್ದಲ್ಲಿಯೇ ಇರುತ್ತದೆ. ಮನಸ್ಸಿನ ಲೆಕ್ಕವನ್ನೂ ನಾವು ಹೀಗೆಯೇ ನಡೆಸುತ್ತೇವೆ. ಒಂದು ತಪ್ಪಿಗೆ ಒಂದು ಉಪವಾಸ, ಒಂದು ಸುಳ್ಳಿಗೆ ಒಂದು ಕಾಣಿಕೆ. ಅಸಲು ಕರಗುವುದಿಲ್ಲ. ಕೊಲೊಸ್ಸೆಯ ಸಭೆಗೆ ಬರೆದ ಪತ್ರದಲ್ಲಿ, ಯೇಸುವಿನ ಸುವಾರ್ತೆ ಸಾರುತ್ತ ತಿರುಗಿದ ಅಪೊಸ್ತಲ ಪೌಲನು ಹೇಳುವುದು ಇಂಥ ಸಾಲ ನವೀಕರಣದ ಸುದ್ದಿಯನ್ನಲ್ಲ. ನಮಗೆ ವಿರೋಧವಾಗಿದ್ದ ಸಾಲಪತ್ರವನ್ನೇ ದೇವರು ಅಳಿಸಿ, ಶಿಲುಬೆಗೆ ಜಡಿದು ಇಲ್ಲದಂತೆ ಮಾಡಿದನು ಎನ್ನುತ್ತಾನೆ. ಕ್ರೈಸ್ತರು ರಕ್ಷಣೆ ಎನ್ನುವಾಗ ಮೊದಲು ಹೇಳುವುದು ಇದನ್ನೇ.

ಹಾಗಾದರೆ ಒಳ್ಳೆಯ ಕೆಲಸ ಏಕೆ ಮಾಡಬೇಕು ಎಂದು ಕೇಳಬಹುದು. ಆ ಹೈಡೆಲ್‌ಬರ್ಗಿನ ಪುಸ್ತಕದಲ್ಲಿ ಮೂರು ಭಾಗಗಳಿವೆ: ಮನುಷ್ಯನ ದುರವಸ್ಥೆ, ಅದರಿಂದ ಬಿಡುಗಡೆ, ಬಿಡುಗಡೆಗೆ ಕೃತಜ್ಞತೆ. ಹತ್ತು ಆಜ್ಞೆಗಳು ಮತ್ತು ಪ್ರಾರ್ಥನೆ ಬರುವುದು ಮೂರನೆಯ ಭಾಗದಲ್ಲಿ. ಬೆಲೆ ಕಟ್ಟುವುದಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ. ಮಾಡುವುದೆಲ್ಲ ಪಡೆದ ಮೇಲೆ, ಪಡೆದ ಸಂತೋಷಕ್ಕೆ. ಇದು ಪ್ರಾಟೆಸ್ಟೆಂಟರ ಪುಸ್ತಕ, ನಿಜ. 1988ರಲ್ಲಿ ರೂಪುಗೊಂಡ ನಮ್ಮ ಶಿವಮೊಗ್ಗ ಧರ್ಮಪ್ರಾಂತದ ಕಥೋಲಿಕರಿಗೆ ಅವರದೇ ಧರ್ಮೋಪದೇಶವಿದೆ. ಸಾವಿನ ಮನೆಯ ಜಗಲಿಯಲ್ಲಿ ಅಕ್ಕಪಕ್ಕ ಕುಳಿತಾಗ ಈ ಎರಡು ಕಡೆಯವರು ಬೇರೆ ಬೇರೆ ಎಂದು ನನಗೆ ಅನ್ನಿಸಿದ್ದಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರಕ್ಷಣೆ ಹೊಂದಿದವರ ತೋಟಕ್ಕೆ ಎಲೆಚುಕ್ಕಿ ರೋಗ ತಗಲುವುದಿಲ್ಲ ಎಂದು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ನಂಬಿದರೆ ಕಾಯಿಲೆ ವಾಸಿ, ನಂಬಿದರೆ ಕೈತುಂಬ ಹಣ ಎಂದು ಹೇಳಿಕೊಂಡು ತಿರುಗುವವರಿದ್ದಾರೆ. ಅವರ ಸಭೆಗಳಿಗೆ ಜನ ತುಂಬುತ್ತಾರೆ ಎಂಬುದೂ ಗೊತ್ತು. ಪೌಲನಿಗೆ ಆ ಭಾಗ್ಯ ಇರಲಿಲ್ಲ. ಈಗಿನ ಟರ್ಕಿಯಲ್ಲಿದ್ದ ಆಸ್ಯ ಸೀಮೆಯಲ್ಲಿ ತನ್ನ ಶಕ್ತಿಗೆ ಮೀರಿದ ಭಾರ ಬಿದ್ದು, ಬದುಕುವ ಆಸೆಯನ್ನೇ ಬಿಟ್ಟಿದ್ದೆ ಎಂದು ಅವನು ಕೊರಿಂಥದವರಿಗೆ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅದೇ ಪತ್ರದ ಆರಂಭದಲ್ಲಿಯೇ ದೇವರನ್ನು ಸಕಲವಿಧವಾಗಿ ಸಂತೈಸುವವನು ಎಂದು ಸ್ತುತಿಸುತ್ತಾನೆ. ನಾವು ಸಂತೈಸಲ್ಪಟ್ಟ ಹಾಗೆಯೇ ಸಂಕಟದಲ್ಲಿರುವ ಬೇರೆಯವರನ್ನು ಸಂತೈಸಲು ಶಕ್ತರಾಗಲಿ ಎಂದೇ ದೇವರು ನಮ್ಮನ್ನು ಸಂತೈಸುತ್ತಾನೆ ಎಂದೂ ಸೇರಿಸುತ್ತಾನೆ.

ಆ ಪತ್ರವನ್ನು ಏಳನೆಯ ಅಧ್ಯಾಯದವರೆಗೆ ಓದಿಕೊಂಡು ಹೋದರೆ ಇನ್ನೊಂದು ಸಂಗತಿ ಸಿಗುತ್ತದೆ. ನನಗೆ ಇಡೀ ಪತ್ರದಲ್ಲಿ ಅತ್ಯಂತ ಪ್ರಿಯವಾದ ಭಾಗ ಅದು. ಕೊರಿಂಥದ ಸಭೆಯೊಂದಿಗೆ ಪೌಲನ ಸಂಬಂಧ ಕೆಟ್ಟಿತ್ತು. ಖಾರವಾದ ಪತ್ರವೊಂದನ್ನು ಬರೆದಿದ್ದನು. ಅವರು ಅದನ್ನು ಹೇಗೆ ತೆಗೆದುಕೊಂಡರೋ ಎಂಬ ಕಳವಳ. ಅಲ್ಲಿಂದ ಸುದ್ದಿ ತರಬೇಕಾಗಿದ್ದವನು ಪೌಲನ ಜೊತೆಗಾರ ತೀತ. ತ್ರೋವ ಪಟ್ಟಣದಲ್ಲಿ ಪೌಲನಿಗೆ ಸುವಾರ್ತೆ ಸಾರಲು ಬಾಗಿಲು ತೆರೆದಿತ್ತು, ಕೆಲಸ ಕೈಗೂಡುತ್ತಿತ್ತು. ಆದರೂ ತೀತನು ಕಾಣಲಿಲ್ಲವೆಂದು ಮನಸ್ಸು ನಿಲ್ಲದೆ ಸಮುದ್ರ ದಾಟಿ ಮಕೆದೋನ್ಯಕ್ಕೆ ಹೋದನು. ಅಲ್ಲಿಯೂ ಹೊರಗೆ ಜಗಳ, ಒಳಗೆ ಭಯ. ಆಗ ದೇವರು ಏನು ಮಾಡಿದನು? ಆಕಾಶದಿಂದ ದನಿ ಕೇಳಿಸಲಿಲ್ಲ, ದರ್ಶನವಾಗಲಿಲ್ಲ. ಕುಗ್ಗಿದವರನ್ನು ಸಂತೈಸುವ ದೇವರು ತೀತನು ಬಂದದ್ದರಿಂದ ನಮ್ಮನ್ನು ಸಂತೈಸಿದನು ಎಂದು ಪೌಲನು ಬರೆಯುತ್ತಾನೆ. ಅಪೊಸ್ತಲನಿಗೆ ದೇವರ ಆದರಣೆ ಸಿಕ್ಕಿದ್ದು ದಾರಿ ನಡೆದು ಬಂದ ಒಬ್ಬ ಮನುಷ್ಯನ ರೂಪದಲ್ಲಿ.

ಬರುವುದು ಎಷ್ಟು ದೊಡ್ಡ ವಿಷಯ ಎಂದು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮಲ್ಲಿ ಮನೆಗಳು ಬಯಲುಸೀಮೆಯ ಊರುಗಳಂತೆ ಗೋಡೆಗೆ ಗೋಡೆ ತಾಗಿಕೊಂಡಿಲ್ಲ. ಗುಡ್ಡದ ಬುಡಕ್ಕೊಂದು, ಹಳ್ಳದ ಆಚೆಗೊಂದು. ಮಳೆಗಾಲದಲ್ಲಿ ಕಾಲುಸಂಕ ಜಾರುತ್ತದೆ, ಮೊಬೈಲ್ ಸಿಗ್ನಲ್ ಹೋಗಿರುತ್ತದೆ, ಸಂಜೆಯ ಬಸ್ ತಪ್ಪಿದರೆ ಮರುದಿನವೇ. ಮಣ್ಣು ಮಾಡುವ ದಿನ ಅಂಗಳ ತುಂಬ ಜನ ಇರುತ್ತಾರೆ. ಹನ್ನೊಂದು, ಹದಿಮೂರು ಕಳೆದ ಮೇಲೆ ಬೆಂಗಳೂರಿನ ಮಕ್ಕಳು ಹೊರಡುತ್ತಾರೆ, ಬಾಡಿಗೆಗೆ ತಂದ ಕುರ್ಚಿಗಳು ವಾಪಸಾಗುತ್ತವೆ. ನನ್ನ ಅನುಭವದಲ್ಲಿ ಆದರಣೆ ಬೇಕಾಗುವುದು ಅದರ ಮೂರನೆಯ, ನಾಲ್ಕನೆಯ ತಿಂಗಳಿಗೆ. ಆ ಹೊತ್ತಿಗೆ ಊರಿಗೆಲ್ಲ ಆ ಸಾವು ಹಳೆಯದಾಗಿರುತ್ತದೆ.

ತೀರ್ಥಹಳ್ಳಿಯ ಕಡೆಯ ಒಂದು ಮನೆಯಲ್ಲಿ ಅಡಿಕೆ ಸುಲಿಯುವಾಗ ಕಂಡದ್ದನ್ನು ಹೇಳುತ್ತೇನೆ. ನಾನೂ ಸುಲಿಯಲು ಕುಳಿತಿದ್ದೆ. ಈಗ ಸುಲಿಯುವ ಯಂತ್ರಗಳು ಬಂದಿವೆ. ಆ ಮನೆಯಲ್ಲಿ ಇನ್ನೂ ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯೇ. ನನ್ನ ಎದುರಿಗೆ ಕುಳಿತವಳ ಗಂಡ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರನಾಗಿದ್ದನು. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು ಹತ್ತಿದವನು ಜಾರಿ ಬಿದ್ದು ತೀರಿಕೊಂಡಿದ್ದನು. ಸುಲಿದ ಅಡಿಕೆಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಎಷ್ಟು ಡಬ್ಬ ತುಂಬಿತೋ ಅಷ್ಟು. ಅವಳ ಕೈ ನಡುನಡುವೆ ನಿಂತುಬಿಡುತ್ತಿತ್ತು. ಅಡಿಕೆ ಬೆರಳಲ್ಲಿ ಹಾಗೆಯೇ, ಕಣ್ಣು ಎಲ್ಲಿಯೋ. ಪಕ್ಕದ ಮೆಟ್ಟುಗತ್ತಿಯಲ್ಲಿದ್ದ ಹೆಂಗಸು ನಮ್ಮ ಸಭೆಯವರು, ಅವಳಿಗಿಂತ ಹಿರಿಯರು, ಬೆಳೆದ ಮಗನನ್ನು ಕಳೆದುಕೊಂಡವರು. ಅವರು ಏನೂ ಹೇಳಲಿಲ್ಲ. ತಮ್ಮ ಡಬ್ಬದಿಂದ ಎರಡು ಬೊಗಸೆ ತೆಗೆದು ಅವಳ ಡಬ್ಬಕ್ಕೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಕಿದರು. ಅಡಿಕೆಯ ಕಲೆಗೆ ಕಪ್ಪಾಗಿದ್ದ ಆ ಬೊಗಸೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಳೆಯುವ ಹೊತ್ತಿಗೆ ಅವರ ಕೂಲಿ ಕಡಿಮೆಯಾಯಿತು, ಅಷ್ಟೇ.

ಹೀಗೆ ಕೆಲವು ರಾತ್ರಿಗಳು ಕಳೆದ ಮೇಲೆ ಆ ಕಿರಿಯವಳೇ ಕೇಳಿದಳು: “ಅಕ್ಕಾ, ನಿಮ್ಮ ಮಗ ಹೋದಾಗ ನೀವು ಹೇಗೆ ತಡೆದುಕೊಂಡಿರಿ?”

“ತಡೆದುಕೊಂಡವಳು ನಾನಲ್ಲ ತಂಗೀ. ನನ್ನನ್ನು ಹಿಡಿದುಕೊಂಡವನು ಒಬ್ಬನಿದ್ದಾನೆ. ಮೊದಲ ವರ್ಷವೆಲ್ಲ ಅವನನ್ನು ಬೈದೆ. ಆದರೂ ಬಿಡಲಿಲ್ಲ” ಎಂದರು. ಆಮೇಲೆ ಯೇಸುವಿನ ವಿಷಯ ಹೇಳಿದರು, ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಹೈಡೆಲ್‌ಬರ್ಗಿನ ಪುಸ್ತಕವನ್ನು ಆ ಅಕ್ಕ ಕಂಡವರೇ ಅಲ್ಲ.

ಅವಳು ಕ್ರೈಸ್ತಳಾದಳೇ ಎಂದು ನೀವು ಕೇಳಬಹುದು. ಇಲ್ಲ. ಊರ ದೇವತೆ ಚೌಡಿಗೆ ಹಣ್ಣುಕಾಯಿ ಮಾಡಿಸುತ್ತಾಳೆ. ಈ ಅಕ್ಕನ ಮನೆಗೂ ಬಂದು, ನನಗಾಗಿ ಪ್ರಾರ್ಥನೆ ಮಾಡಿ ಎನ್ನುತ್ತಾಳೆ. ಯೇಸುವನ್ನು ಎಲ್ಲರೂ ಅರಿಯಲಿ ಎಂಬ ಆಸೆ ನನಗಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಆಸೆಯನ್ನು ಬಚ್ಚಿಟ್ಟುಕೊಂಡು ಸಮಾಜಸೇವೆಯ ಮಾತಾಡುವುದು ನನಗೆ ಬರುವುದಿಲ್ಲ. ಆದರೆ ಉಚಿತವಾಗಿ ಹೊಂದಿದ್ದೀರಿ, ಉಚಿತವಾಗಿ ಕೊಡಿರಿ ಎಂದು ಯೇಸು ಶಿಷ್ಯರಿಗೆ ಹೇಳಿ ಕಳುಹಿಸಿದನು. ಒಂದು ಮೂಟೆ ಅಕ್ಕಿಗೋ ಆಸ್ಪತ್ರೆಯ ಖರ್ಚಿಗೋ ಬದಲಾಗಿ ನಂಬಿಕೆಯನ್ನು ಕೇಳುವುದು ಆ ಆಜ್ಞೆಯನ್ನು ಮುರಿದ ಹಾಗೆ. ನಮ್ಮ ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ತಮ್ಮ ಧರ್ಮವನ್ನು ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಟ್ಟಿದೆ. ಆ ವಿಧಿ ಕೊಡುವ ಹಕ್ಕುಗಳಲ್ಲಿ ಮೊದಲನೆಯದೇ ಆತ್ಮಸಾಕ್ಷಿಯ ಸ್ವಾತಂತ್ರ್ಯ. ಕೇಳುವವರ ಆತ್ಮಸಾಕ್ಷಿಯೂ ಅದರಲ್ಲಿ ಸೇರಿದೆ ಎಂಬುದನ್ನು ಹೇಳುವ ಉತ್ಸಾಹದಲ್ಲಿ ನಮ್ಮವರು ಮರೆಯುವುದುಂಟು.

ಆದರಿಸಲು ಹೋಗಿ ನೋಯಿಸುವುದಕ್ಕೂ ಬೈಬಲಿನಲ್ಲಿ ಉದಾಹರಣೆ ಇದೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಅವನ ಸ್ಥಿತಿ ಕಂಡು ಏಳು ದಿನ, ಏಳು ರಾತ್ರಿ ನೆಲದ ಮೇಲೆ ಮಾತಿಲ್ಲದೆ ಅವನೊಂದಿಗೆ ಕುಳಿತರು. ಅಷ್ಟರವರೆಗೆ ಚೆನ್ನಾಗಿಯೇ ಇತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು. ನೀನೇನೋ ಪಾಪ ಮಾಡಿರಬೇಕು ಎಂದು ಒಬ್ಬರಾದ ಮೇಲೊಬ್ಬರು ಉಪದೇಶ ಮಾಡಿದರು. ಕೊನೆಗೆ ದೇವರೇ ಅವರ ಮೇಲೆ ಕೋಪಗೊಂಡನು. ಈಗಿನ ಸ್ನೇಹಿತರು ಅಷ್ಟು ದೂರ ಹೋಗುವುದಿಲ್ಲ, ಎಲ್ಲವೂ ದೇವರ ಚಿತ್ತ ಎಂದು ಬಾಗಿಲಲ್ಲೇ ಹೇಳಿ ಮುಗಿಸುತ್ತಾರೆ. ಅಥವಾ ಸೂರ್ಯೋದಯದ ಚಿತ್ರದ ಮೇಲೆ ವಚನ ಬರೆದದ್ದನ್ನು ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ. ಇನ್ನೊಂದು ಮಾತಿದೆ, ನನಗೆ ಸಿಟ್ಟು ತರಿಸುವುದು: ವಿಶ್ವಾಸಿಗಳು ಅಳಬಾರದು ಎನ್ನುವುದು. ಪೌಲನು ಥೆಸಲೋನಿಕದವರಿಗೆ ಬರೆದದ್ದು ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು. ದುಃಖಿಸಲೇಬೇಡಿ ಎಂದು ಅವನು ಎಲ್ಲಿಯೂ ಬರೆದಿಲ್ಲ.

ಯೇಸು ಬೇಥಾನ್ಯ ಎಂಬ ಊರಿಗೆ ಬಂದಾಗ ಆತನ ಗೆಳೆಯ ಲಾಜರನು ಸತ್ತು ನಾಲ್ಕು ದಿನಗಳಾಗಿದ್ದವು. ಲಾಜರನ ಒಡಹುಟ್ಟಿದವರಾದ ಮಾರ್ಥ, ಮರಿಯ ಇಬ್ಬರೂ ಯೇಸುವನ್ನು ಬೇರೆ ಬೇರೆಯಾಗಿ ಎದುರುಗೊಂಡು ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ. ಮಾರ್ಥಳಿಗೆ ಆತನು ಮಾತಿನಲ್ಲಿ ಉತ್ತರ ಕೊಡುತ್ತಾನೆ. ಪುನರುತ್ಥಾನವೂ ಜೀವವೂ ನಾನೇ ಎಂದು ಹೇಳಿದ್ದು ಅವಳಿಗೆ. ಮರಿಯಳು ಅಳುವುದನ್ನು ಕಂಡು ಹೆಚ್ಚು ಮಾತಾಡುವುದಿಲ್ಲ, ಅವನನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಾನೆ, ತಾನೂ ಅಳುತ್ತಾನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸಲಿದ್ದವನು ಅತ್ತನು. ಯಾರಿಗೆ ಮಾತು ಬೇಕು, ಯಾರಿಗೆ ಬೇಡ ಎಂದು ನೋಡಿ ತಿಳಿಯದೆ ಈ ಕೆಲಸ ಆಗುವುದಿಲ್ಲ.

ಮಾತಾಡಬೇಕಾದಾಗ ಕೇಳುವವರ ಮಾತಿನಲ್ಲಿಯೇ ಆಡಬೇಕು. ನಿಘಂಟಿನ ಕಿಟ್ಟೆಲ್ ಅವರು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಥಾಮಾಲೆಯಾಗಿ ಬರೆದರು, 1894ರಲ್ಲಿ ನಿಘಂಟು ಅಚ್ಚಾಗುವುದಕ್ಕೆ ಎಷ್ಟೋ ಮೊದಲೇ. ನಾವೋ, ಮೂರು ತಲೆಮಾರಿನಿಂದ ಕನ್ನಡದಲ್ಲಿಯೇ ಉಂಡುಟ್ಟವರು, ಸಾಕ್ಷಿ ಹೇಳಲು ನಿಂತಕೂಡಲೇ ಸಭೆಯ ಹೊರಗಿನವರಿಗೆ ತಲೆಬುಡ ತಿಳಿಯದ ಭಾಷೆಗೆ ಹೊರಳುತ್ತೇವೆ. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದನ್ನು ಸಾತ್ವಿಕವಾಗಿ ಹೇಳಿ ಎಂದು ಯೇಸುವಿನ ಶಿಷ್ಯ ಪೇತ್ರನು ಬರೆದಿದ್ದಾನೆ. ಅಡಿಕೆ ಸುಲಿಯುವಲ್ಲಿ ಆ ತಂಗಿ ಕೇಳಿದಳು, ಅಕ್ಕ ಹೇಳಿದರು.

ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಯೂ ಕೇಳಿದವನೇ. ಭೂಕಂಪವಾಗಿ ಬಾಗಿಲುಗಳು ತೆರೆದಾಗ ಕೈದಿಗಳು ಓಡಿಹೋದರೆಂದು ಹೆದರಿ ಕತ್ತಿ ಹಿರಿದು ಸಾಯಲು ಹೊರಟಿದ್ದನು. ರಕ್ಷಣೆ ಹೊಂದಲು ನಾನೇನು ಮಾಡಬೇಕು ಎಂದು ಅಲ್ಲಿ ಕೈದಿಗಳಾಗಿದ್ದ ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಕೇಳಿ, ಅವರ ಮಾತನ್ನು ನಂಬಿದನು. ಆ ರಾತ್ರಿಯೇ, ಅದೇ ಗಳಿಗೆಯಲ್ಲಿ, ಅವರ ಬೆನ್ನಿನ ಬಾಸುಂಡೆಗಳನ್ನು ತೊಳೆದನು. ಮನೆಗೆ ಕರೆತಂದು ಊಟಕ್ಕಿಟ್ಟನು. ಮೊದಲು ಅವರ ಕಾಲುಗಳನ್ನು ಕೋಳಕ್ಕೆ ಹಾಕಿದ್ದವನೂ ಅವನೇ. ಅವನಿಗೆ ಇದನ್ನು ಮಾಡೆಂದು ಯಾರೂ ಹೇಳಿದಂತೆ ಕಾಣುವುದಿಲ್ಲ.

ತೀತನ ಸುದ್ದಿಯೂ ಮಕೆದೋನ್ಯದಲ್ಲಿ ನಿಲ್ಲಲಿಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಕೊರಿಂಥದಲ್ಲಿ ಚಂದಾ ಕೂಡಿಸುವ ಕೆಲಸ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಿಕೊಡು ಎಂದು ಪೌಲನು ಕೇಳಿಕೊಂಡನು. ಆಗಷ್ಟೇ ಆ ದಾರಿಯನ್ನೆಲ್ಲ ಸವೆಸಿ ಬಂದಿದ್ದ ತೀತನು ಒಪ್ಪಿದ್ದಲ್ಲದೆ, ಹೆಚ್ಚು ಆಸಕ್ತಿಯಿಂದ ತಾನಾಗಿಯೇ ಮತ್ತೆ ಹೊರಟನು ಎಂದು ಪತ್ರದಲ್ಲಿದೆ.

ನಮಸ್ಕಾರ.